ತಲೆ ತೊಳೆಯಲು ಬದುವಿನಲ್ಲೇ ಇದೆ ಚುಜ್ಜಲು

ನಮ್ಮ ಹೊಲದ ಬದುಗಳ ಮೇಲೆ ಈಗ 17 ಚುಜ್ಜಲು ಮರಗಳಿವೆ. ಮೂರು ಅಪ್ಪನ ಕಾಲದವು. ಉಳಿದ 14 ನಾನು ಬೀಜ ಊರಿ ಬೆಳೆಸಿದವು. "ಚುಜ್ಜಲು ಮರಾನ ಯಾರಾದ್ರೂ ಬೆಳೆಸ್ತಾರೇನಯ್ಯ? ಅದು ತಾನಾಗಿ ಹುಟ್ಟೋ ಕಾಡುಮರ" ಅಂತ ಊರಲ್ಲಿ ನಕ್ಕವರಿದ್ದಾರೆ. ನಗಲಿ. ಬೆಳೆಸಿದ್ದಕ್ಕೆ ಒಂದು ಕಾರಣ ಇದೆ. ಹೇಳಿಕೊಳ್ಳೋಕೆ ನಾಚಿಕೆಯಾಗುವ ಕಾರಣ. ಆದರೂ ಹೇಳ್ತೀನಿ. ಇನ್ನೊಬ್ಬ ರೈತ ಅದೇ ತಪ್ಪು ಮಾಡದಿರಲಿ ಅಂತ.

ನಮ್ಮದು ಶಿರಾ ತಾಲ್ಲೂಕಿನ ಒಣಭೂಮಿ, ಐದೂವರೆ ಎಕರೆ. ಕಡ್ಲೇಕಾಯಿ, ತೊಗರಿ, ರಾಗಿ, ಹುರುಳಿ ನಮ್ಮ ಬೆಳೆ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಮೇವು. ನಾನು ಓದಿದ್ದು ಏಳನೇ ಕ್ಲಾಸು. ಇಲ್ಲಿ ಬರೆದಿರೋದು ಮನೆಯಲ್ಲಿ ಮಾಡಿ ನೋಡಿದ್ದು ಮತ್ತು ಡಾಕ್ಟರ ಬಾಯಿಂದ ಕೇಳಿದ್ದು.

ಔಷಧಿ ಅಂದೆವು, ಅದು ವಿಷ

2002ರ ಕಾರ್ತೀಕ ಮಾಸ. ನನ್ನ ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ತಲೆ ತುಂಬ ಹೇನು. ಕೆರೆದು ಕೆರೆದು ಕಿವಿ ಹಿಂದೆ ಗಾಯ ಆಗಿತ್ತು. ಶಾಲೆಯಲ್ಲಿ ಪಕ್ಕದ ಹುಡುಗಿಯರು ದೂರ ಕೂರ್ತಾರೆ ಅಂತ ದಿನಾ ಅಳೋಳು. ಆಗ ತೊಗರಿ ಕಾಯಿಕೊರಕಕ್ಕೆ ತಂದ ಔಷಧಿ ಮನೆಯಲ್ಲಿತ್ತು, ಡಬ್ಬದ ತಳದಲ್ಲಿ ಸ್ವಲ್ಪ ಉಳಿದಿತ್ತು. "ಹುಳಾನೇ ಸಾಯಿಸುತ್ತೆ, ಹೇನು ಯಾವ ಲೆಕ್ಕ" ಅಂತ ಯಾರೋ ಅಂದರು. ನೀರಿಗೆ ಬೆರೆಸಿ ಮಗಳ ತಲೆಗೆ ಹಚ್ಚಿದವನು ನಾನೇ. ಮೇಲೊಂದು ಬಟ್ಟೆ ಕಟ್ಟಿದೆ.

ಒಂದು ಗಂಟೆಯಲ್ಲಿ ವಾಂತಿ. ಬಾಯಲ್ಲಿ ಜೊಲ್ಲು. ಮೈಯೆಲ್ಲ ಬೆವರು, ಕೈಕಾಲು ಅದುರೋಕೆ ಶುರುವಾಯ್ತು. ಕಣ್ಣಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದೆವು. ಅಲ್ಲಿನ ಡಾಕ್ಟರು ಮೊದಲು ತಲೆ ಬೋಳಿಸಿದರು. ಸೋಪು ಹಚ್ಚಿ ಮೈಯೆಲ್ಲ ತೊಳೆಸಿದರು. ಅಟ್ರೋಪಿನ್ ಸೂಜಿ ಮೇಲೆ ಸೂಜಿ ಕೊಟ್ಟರು. ಆರು ದಿನ ಆದ ಮೇಲೆ ಮಗು ಮನೆಗೆ ಬಂತು. ನಮ್ಮ ಪುಣ್ಯ.

ಆ ಡಾಕ್ಟರು ಅಂದ ಮಾತು ಇವತ್ತಿಗೂ ನೆನಪಿದೆ: "ಕೈ ಚರ್ಮಕ್ಕಿಂತ ತಲೆ ಚರ್ಮ ಬೇಗ ಹೀರುತ್ತೆ ಕಣ್ರೀ. ಅದರಲ್ಲೂ ಕೆರೆದು ಗಾಯ ಆಗಿತ್ತು. ನೀವು ಹಚ್ಚಿದ್ದು ತಲೆಗಲ್ಲ, ನೇರ ರಕ್ತಕ್ಕೆ."

ಆಮೇಲೆ ಯೋಚನೆ ಮಾಡಿದೆ. ಅಂಗಡಿಯಲ್ಲಿ ಕೇಳುವಾಗ 'ಔಷಧಿ ಕೊಡಿ' ಅಂತೀವಿ. ಹೊಲಕ್ಕೆ 'ಔಷಧಿ ಹೊಡಿಬೇಕು' ಅಂತೀವಿ. ವಿಷವನ್ನು ಔಷಧಿ ಅಂತ ಕರೆದು ಕರೆದು ಅದು ವಿಷ ಅನ್ನೋದೇ ಮರೆತುಹೋಗಿದೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಅದಕ್ಕೆ 'ವಿಷ' ಅಂತಲೇ ಹೆಸರು.

ಅವ್ವ ಹೇಳಿದ ಮರ

ಮಗಳನ್ನು ಮನೆಗೆ ಕರೆತಂದ ದಿನ ಅವ್ವ ನನ್ನ ಹತ್ತಿರ ಮಾತಾಡಲಿಲ್ಲ. ಮಾರನೇ ದಿನ ಒಂದೇ ಮಾತು ಅಂದಳು: "ಬದೀನ ಮೇಲೆ ಹನ್ನೊಂದು ಚುಜ್ಜಲು ಇದ್ವು. ಎಂಟು ಕಡಿದು ಸೌದೆಗೆ ಮಾರ್ದೆ. ಅವು ಇದ್ದಾಗ ಈ ಮನೇಲಿ ಯಾರ ತಲೇಗೂ ವಿಷ ಬೀಳಲಿಲ್ಲ ಮಗಾ."

ನಿಜ. ಒಂದು ಬರದ ವರ್ಷ ಕೈಸಾಲ ತೀರಿಸಲು ಎಂಟು ಮರ ಕಡಿಸಿದ್ದೆ. ಅಷ್ಟೊತ್ತಿಗೆ ಊರಿನ ಅಂಗಡಿಗಳಲ್ಲಿ ಶಾಂಪೂ ಪೊಟ್ಟಣದ ಸರ ನೇತಾಡುತ್ತಿತ್ತು. ಸೊಪ್ಪು ಕುಟ್ಟುವ ಕೆಲಸ ಯಾರಿಗೆ ಬೇಕು ಅನ್ನಿಸಿತ್ತು.

ಚುಜ್ಜಲು ಗೊತ್ತಿಲ್ಲದವರಿಗೆ ಗುರುತು ಹೇಳ್ತೀನಿ. ಬಾಗೆ ಮರದ ದಾಯಾದಿ ಇದು. ಕೆಲವು ಕಡೆ ತುಗ್ಗಲಿ ಅಂತಾರೆ. ಪೇಟೆಯ ಗ್ರಂಧಿಗೆ ಅಂಗಡಿಯಲ್ಲಿ 'ಚಿಗರೆ ಪುಡಿ' ಅಂತ ಮಾರೋದು ಇದರ ಎಲೆಯನ್ನೇ. ತಮಿಳುನಾಡಿನಲ್ಲಿ ಮರಕ್ಕೆ ಉಸಿಲೈ, ಪುಡಿಗೆ ಅರಪ್ಪು ಅನ್ನುತ್ತಾರೆ. ಶಾಸ್ತ್ರದವರು ಇಟ್ಟ ಹೆಸರು ಅಲ್ಬಿಜಿಯಾ ಅಮಾರ. ಎಲೆ ಹುಣಸೆಗಿಂತ ಸಣ್ಣ, ಹಕ್ಕಿ ಗರಿಯ ಹಾಗೆ. ಜಾಲಿಯಂತೆ ಕಂಡರೂ ಮುಳ್ಳಿಲ್ಲ. ಬೇಸಿಗೆಯಲ್ಲಿ ತಿಳಿಹಳದಿ ಕುಚ್ಚಿನ ಹೂ ಬಿಡುತ್ತೆ, ಘಮ ಬರುತ್ತೆ, ಜೇನುನೊಣ ಮುತ್ತುತ್ತವೆ. ಕಾಯಿ ಚಪ್ಪಟೆ, ತೆಳು. ಕಲ್ಲು ನೆಲ, ಕೆಮ್ಮಣ್ಣು, ಮಳೆ ಕಡಿಮೆ ಇರೋ ಜಾಗ ಇದಕ್ಕೆ ಇಷ್ಟ. ಅನುಮಾನ ಇದ್ದರೆ ಒಂದು ಹಿಡಿ ಸೊಪ್ಪನ್ನು ನೀರು ಹಾಕಿ ಅಂಗೈಯಲ್ಲಿ ತಿಕ್ಕಿ. ನೊರೆ ಬರುತ್ತೆ. ಆದರೂ ಮೊದಲ ಸಲ ಮರ ಬಲ್ಲ ಹಿರಿಯರನ್ನು ಕೇಳಿಯೇ ಕೀಳಿ.

ಪುಡಿ ಮಾಡುವ ಕ್ರಮ

ಮುಂಗಾರು ಬಿದ್ದು ಚಿಗುರಿದ ಸೊಪ್ಪು ಬಲಿಯಬೇಕು. ತೀರ ಎಳೆ ಚಿಗುರು ಬೇಡ, ಹಳದಿಯಾಗಿ ಉದುರುವ ಎಲೆಯೂ ಬೇಡ. ನಾವು ವರ್ಷಕ್ಕೆ ಎರಡು ಸಲ ಕೊಯ್ತೀವಿ.

ಬೆಳಗಿನ ಇಬ್ಬನಿ ಆರಿದ ಮೇಲೆ ರೆಂಬೆ ತುದಿ ಕೊಯ್ದು ನೆರಳಲ್ಲಿ ಬಟ್ಟೆ ಮೇಲೆ ಹರಡಿ. ಬಿಸಿಲಿಗೆ ಹಾಕಿದರೆ ಹಸಿರು ಹೋಗಿ ಹುಲ್ಲಿನಂತಾಗುತ್ತೆ. ಮೂರು ನಾಲ್ಕು ದಿನಕ್ಕೆ ಒಣಗುತ್ತೆ. ಆಮೇಲೆ ಕೋಲಲ್ಲಿ ಮೆಲ್ಲಗೆ ಬಡಿದರೆ ಎಲೆಯೆಲ್ಲ ಉದುರಿ ಕಡ್ಡಿ ಬೇರೆ ಆಗುತ್ತೆ. ಎಲೆಯನ್ನು ಒರಳಲ್ಲಿ ಕುಟ್ಟಿ ತೆಳು ಬಟ್ಟೆಯಲ್ಲಿ ಜಾಲಿಸಿ. ತರಿ ಉಳಿದರೆ ಕೂದಲಲ್ಲಿ ಕೂತು ಕಾಡುತ್ತೆ.

ಕುಟ್ಟುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಲೇಬೇಕು. ಈ ಧೂಳು ಮೂಗಿಗೆ ಹೋದರೆ ಸೀನು ನಿಲ್ಲೋದಿಲ್ಲ. ನಮ್ಮೂರ ಗಿರಣಿಯವರು ಒಂದೇ ಸಲ ಬೀಸಿಕೊಟ್ಟದ್ದು. ಎರಡನೇ ಸಲ ಹೋದಾಗ ದೂರದಿಂದಲೇ ಕೈ ಮುಗಿದರು! ಈಗ ಮನೆಯ ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವೇ ತಿರುವಿ, ಧೂಳು ಅಡಗಿದ ಮೇಲೆ ಮುಚ್ಚಳ ತೆಗೀತೀವಿ.

ನಮ್ಮ ಲೆಕ್ಕದಲ್ಲಿ 10 ಕಿಲೋ ಹಸಿ ಸೊಪ್ಪಿಗೆ 3 ಕಿಲೋ ಪುಡಿ ಸಿಗುತ್ತೆ. ತೇವ ತಾಗದ ಡಬ್ಬದಲ್ಲಿಟ್ಟರೆ ಆರು ತಿಂಗಳು ಚೆನ್ನಾಗಿರುತ್ತೆ. ಗಂಟುಕಟ್ಟಿ ಮುಗ್ಗಲು ವಾಸನೆ ಬಂದರೆ ತಿಪ್ಪೆಗೆ ಹಾಕಿ, ತಲೆಗೆ ಬೇಡ.

ಹಚ್ಚುವ ಕ್ರಮ

ದೊಡ್ಡವರ ತಲೆಗೆ ಎರಡು ದೊಡ್ಡ ಚಮಚ, ಅಂದರೆ ಸುಮಾರು 20 ಗ್ರಾಂ ಸಾಕು. ತೆಳ್ಳಗಿನ ಗಂಜಿ ಅಥವಾ ಅನ್ನ ಬಸಿದ ನೀರಿನಲ್ಲಿ ಕಲಸಿ ಹತ್ತು ನಿಮಿಷ ನೆನೆಯಲು ಬಿಡಿ. ಬರೀ ನೀರಲ್ಲಿ ಕಲಸಿದರೆ ಜಾರಿ ಬೀಳುತ್ತೆ, ಗಂಜಿ ಜಿಗುಟು ಅದನ್ನು ಹಿಡಿದಿಡುತ್ತೆ. ತಲೆ ಒದ್ದೆ ಮಾಡಿ, ಕೂದಲಿಗಿಂತ ಬುಡಕ್ಕೆ ಹಚ್ಚಿ ಬೆರಳ ತುದಿಯಲ್ಲಿ ತಿಕ್ಕಿ. ಉಗುರು ತಾಗಿಸಬೇಡಿ. ಐದು ನಿಮಿಷ ಬಿಟ್ಟು ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಕಣ್ಣು ಮುಚ್ಚಿಕೊಂಡಿರಬೇಕು. ಹೋದರೆ ಉರಿ. ತಣ್ಣೀರಲ್ಲಿ ಚೆನ್ನಾಗಿ ತೊಳೆದರೆ ಸರಿಹೋಗುತ್ತೆ.

ಹರಳೆಣ್ಣೆ ಹಚ್ಚಿದ ತಲೆಗೆ ಇದು ಬಹಳ ಒಳ್ಳೇದು. ಯುಗಾದಿ, ದೀಪಾವಳಿಯ ಎಣ್ಣೆಸ್ನಾನಕ್ಕೆ ಅವ್ವ ಇದನ್ನೇ ಕೊಡುತ್ತಿದ್ದಳು. ಜಿಡ್ಡನ್ನು ಎತ್ತುತ್ತೆ, ಆದರೆ ಕೂದಲನ್ನು ಹುಲ್ಲು ಮಾಡೋದಿಲ್ಲ. ಹೆಂಗಸರ ದಟ್ಟ ಕೂದಲಿಗೆ ನನ್ನ ಹೆಂಡತಿ ಬೆರೆಸುವ ಲೆಕ್ಕ ಹೀಗೆ: ಚುಜ್ಜಲು ಪುಡಿ 1 ಕಿಲೋ, ಸೀಗೆಪುಡಿ ಅರ್ಧ ಕಿಲೋ, ಮೆಂತ್ಯದ ಪುಡಿ 100 ಗ್ರಾಂ. ಸೀಗೆ ಮಲೆನಾಡಿನ ಬಳ್ಳಿ, ನಮಗೆ ಅಂಗಡಿಯದೇ ಗತಿ.

ಚಿಕ್ಕ ಮಕ್ಕಳಿಗೆ ದಾಸವಾಳದ ಎಲೆ ಮೇಲು. ಹತ್ತು ಹದಿನೈದು ಎಲೆಯನ್ನು ನೀರಲ್ಲಿ ಕಿವುಚಿ ಸೋಸಿದರೆ ಲೋಳೆ ಬರುತ್ತೆ. ಮೆತ್ತಗೆ ತೊಳೆಯುತ್ತೆ. ಹಾಲು ಕುಡಿಯುವ ಕೂಸಿಗೆ ಇದು ಯಾವುದೂ ಬೇಡ, ಬರೀ ನೀರು ಸಾಕು. ಅಂಟುವಾಳದ ನೊರೆ ಎಲ್ಲಕ್ಕಿಂತ ಜೋರು. ರೇಷ್ಮೆ ಸೀರೆ ಒಗೆಯೋಕೆ, ಒಡವೆ ತೊಳೆಯೋಕೆ ಚೆನ್ನ. ತಲೆಗಾದರೆ ಬೀಜ ತೆಗೆದು, ಸಿಪ್ಪೆ ನೆನೆಸಿ, ನೀರನ್ನು ತೆಳ್ಳಗೆ ಮಾಡಿಕೊಳ್ಳಿ. ಗಟ್ಟಿಯಾದರೆ ತಲೆ ಒಣಗಿ ತುರಿಕೆ ಬರುತ್ತೆ.

ಹೊಸದಾಗಿ ಯಾವುದನ್ನೇ ಹಚ್ಚುವ ಮುಂಚೆ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಕೆಂಪಾದರೆ, ತುರಿಸಿದರೆ ಅದು ನಿಮಗೆ ಆಗಿಬರೋದಿಲ್ಲ.

ಬೋರ್ ನೀರಿಗೆ ಇದೇ ಸರಿ

ನಮ್ಮ ಕಡೆ ಬೋರ್ ನೀರು ಗಡಸು. ಪಾತ್ರೆಗೆ ಬಿಳಿ ಪಟ್ಟೆ ಕಟ್ಟುತ್ತೆ. ಅದರಲ್ಲಿ ಸೋಪು ಹಾಕಿ ತಲೆ ತೊಳೆದರೆ ನೊರೆ ಏಳೋದಿಲ್ಲ, ಕೂದಲಿಗೆ ಅಂಟು ಮೆತ್ತಿದ ಹಾಗಾಗುತ್ತೆ. ನೀರಿನಲ್ಲಿರೋ ಸುಣ್ಣದ ಅಂಶ ಸೋಪಿನ ಜತೆ ಸೇರಿ ಒಡೆದ ಹಾಲಿನ ಹಾಗೆ ಗಷ್ಟು ಕಟ್ಟುತ್ತೆ. ಆ ಗಷ್ಟು ತಲೆಯಲ್ಲಿ ಒಣಗಿ ಬಿಳಿ ಪುಡಿ ಉದುರಿದರೆ ಅದನ್ನೇ ಹೊಟ್ಟು ಅಂದುಕೊಂಡವರೂ ಇದ್ದಾರೆ.

ಚುಜ್ಜಲು, ಸೀಗೆ, ಅಂಟುವಾಳ ಮೂರರಲ್ಲೂ ನೊರೆ ಬರಿಸುವ ಸಪೋನಿನ್ ಅನ್ನೋ ಅಂಶ ಇದೆ. ಅದು ಸುಣ್ಣದ ಜತೆ ಸೋಪಿನ ಹಾಗೆ ಗಷ್ಟು ಕಟ್ಟೋದಿಲ್ಲ. ನೀವೇ ನೋಡಬಹುದು. ಎರಡು ಬಾಟಲಿಗೆ ಬೋರ್ ನೀರು ಹಾಕಿ. ಒಂದಕ್ಕೆ ಸೋಪಿನ ಚೂರು, ಇನ್ನೊಂದಕ್ಕೆ ಒಂದು ಚಮಚ ಪುಡಿ. ಚೆನ್ನಾಗಿ ಕುಲುಕಿ ಹತ್ತು ನಿಮಿಷ ಇಡಿ. ಮೊದಲ ಬಾಟಲಿಯ ಮೇಲೆ ಕೆನೆಯಂಥ ಗಷ್ಟು ತೇಲುತ್ತೆ. ಪುಡಿಯ ನೊರೆ ಶಾಂಪೂ ನೊರೆಯಷ್ಟು ಇರೋದಿಲ್ಲ. ನೊರೆ ಕಡಿಮೆ ಅಂದ ಮಾತ್ರಕ್ಕೆ ಕೊಳೆ ಹೋಗಿಲ್ಲ ಅಂತಲ್ಲ.

ಶಾಂಪೂ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಅದೂ ಗಡಸು ನೀರಲ್ಲಿ ಕೆಲಸ ಮಾಡುತ್ತೆ. ಆದರೆ ಲೆಕ್ಕ ಹಾಕಿ. ಮನೆಯಲ್ಲಿ ಐದು ಜನ. ವಾರಕ್ಕೆ ಎರಡು ಸಲ, ತಲೆಗೊಂದು 2 ರೂಪಾಯಿ ಪೊಟ್ಟಣ. ವಾರಕ್ಕೆ 20, ವರ್ಷಕ್ಕೆ 1,040 ರೂಪಾಯಿ. ಖಾಲಿ ಪೊಟ್ಟಣ 520, ಬಚ್ಚಲ ಮೋರಿಯಿಂದ ಹೊಲಕ್ಕೆ. ಅದೇ ಐದು ಜನಕ್ಕೆ ವರ್ಷಕ್ಕೆ 10 ಕಿಲೋ ಪುಡಿ ಸಾಕು, ಅಂದರೆ 35 ಕಿಲೋ ಹಸಿ ಸೊಪ್ಪು. ನಾಲ್ಕೈದು ಬಲಿತ ಮರ ಅಷ್ಟನ್ನು ಸುಲಭವಾಗಿ ಕೊಡುತ್ತೆ. ಬಚ್ಚಲ ನೀರು ಕರಿಬೇವಿನ ಬುಡಕ್ಕೆ ಹೋಗುತ್ತೆ. ಮೀನು ಇರುವ ಹೊಂಡಕ್ಕೆ ಮಾತ್ರ ಬಿಡಬೇಡಿ, ಸಪೋನಿನ್ ಮೀನಿಗೆ ಆಗದು.

ಹೇನಿಗೆ ಸೀರಣಿಗೆಯೇ ಮದ್ದು

ಚುಜ್ಜಲು ಪುಡಿ ಹೇನನ್ನು ಸಾಯಿಸುತ್ತೆ ಅಂತ ನಾನು ಹೇಳಲಾರೆ. ಅದು ತಲೆ ತೊಳೆಯುತ್ತೆ, ಅಷ್ಟೆ. ಹೇನು ಹೋಗಬೇಕಾದರೆ ಕೈ ಕೆಲಸವೇ ಆಗಬೇಕು. ಮಗಳ ಕೂದಲು ಮತ್ತೆ ಬಂದ ಮೇಲೆ, ಶಾಲೆಯಿಂದ ಮತ್ತೆ ಹೇನು ಬಂತು. ಅವಾಗ ಅವ್ವ ಮಾಡಿದ್ದು ಹೀಗೆ.

ತಲೆಗೆ ಕೊಬ್ಬರಿಎಣ್ಣೆ ಧಾರಾಳ ಹಚ್ಚಬೇಕು. ಹೇನು ಓಡೋಕಾಗದೆ ನಿಧಾನ ಆಗುತ್ತೆ. ಕೂದಲು ಬಿಡಿಸಿ, ಸಣ್ಣ ಹಲ್ಲಿನ ಸೀರಣಿಗೆಯಲ್ಲಿ ಬುಡದಿಂದ ತುದಿವರೆಗೆ ಎಳೆಯಬೇಕು. ಒಂದೊಂದು ಸಲವೂ ಬಿಳಿ ಬಟ್ಟೆಗೆ ಒರೆಸಿ ನೋಡಬೇಕು. ಆಮೇಲೆ ಪುಡಿ ಹಾಕಿ ತಲೆ ತೊಳೆಯೋದು. ಸೀರು ಒಡೆದು ಮರಿ ಬರೋಕೆ ಒಂದು ವಾರದಿಂದ ಹತ್ತು ದಿನ ಬೇಕು. ಒಂದು ದಿನ ಬಾಚಿ ಬಿಟ್ಟರೆ ಮುಂದಿನ ವಾರ ಹೊಸ ಸಂಸಾರ ಶುರು! ಮೂರು ನಾಲ್ಕು ದಿನಕ್ಕೊಂದು ಸಲ, ಎರಡು ಮೂರು ವಾರ ಬಿಡದೆ ಬಾಚಬೇಕು. ಮನೆಯಲ್ಲಿ ಎಲ್ಲರ ತಲೆಯನ್ನೂ ಒಟ್ಟಿಗೇ ನೋಡಬೇಕು. ನಮಗೆ 20 ದಿನ ಹಿಡಿಯಿತು. ದುಡ್ಡು ಹೋದದ್ದು ಸೀರಣಿಗೆಗೆ ಮಾತ್ರ.

ಗಿಡದ್ದೆಲ್ಲ ನಿರಪಾಯ ಅಲ್ಲ

ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಸೀತಾಫಲದ ಬೀಜ ಅರೆದು ಹೇನಿಗೆ ಹಚ್ಚುವ ರೂಢಿ ನಮ್ಮ ಕಡೆ ಇದೆ. ಹೇನು ಸಾಯುತ್ತೆ, ನಿಜ. ಆದರೆ ಅದರ ಒಂದು ಹನಿ ಕಣ್ಣಿಗೆ ಇಳಿದರೆ ಕಣ್ಣಿನ ಕರಿಗುಡ್ಡೆಯ ಮೇಲ್ಪದರವೇ ಸುಟ್ಟಂತಾಗುತ್ತೆ. ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ನಾಲ್ಕು ದಿನ ಕಣ್ಣು ಬಿಡಲಾಗದೆ ನರಳಿದ್ದನ್ನು ನೋಡಿದ್ದೀನಿ. ಆ ಬೀಜ ತಲೆಗೆ ಬೇಡವೇ ಬೇಡ. ಸೀಮೆಎಣ್ಣೆಯೂ ಬೇಡ. ಒಲೆ ಮುಂದೆ ಕೂತರೆ ಬೆಂಕಿ ಹಿಡಿಯೋ ಭಯ, ಚರ್ಮವೂ ಸುಡುತ್ತೆ.

ಹೊಟ್ಟಿನ ವಿಷಯದಲ್ಲೂ ಒಂದು ಮಾತು. ತಲೆ ಚರ್ಮದ ಜಿಡ್ಡಿನಲ್ಲಿ ಬದುಕುವ ಕಣ್ಣಿಗೆ ಕಾಣದ ಒಂದು ಶಿಲೀಂಧ್ರಕ್ಕೂ ಹೊಟ್ಟಿಗೂ ನಂಟಿದೆ ಅಂತ ಡಾಕ್ಟರು ಹೇಳ್ತಾರೆ. ಹೊಟ್ಟು ಇದ್ದವರು ದಿನಾ ಎಣ್ಣೆ ಮೆತ್ತಿಕೊಂಡು ಮಲಗಿದರೆ ಅದಕ್ಕೆ ಮೇವು ಹಾಕಿದ ಹಾಗೆ. ಎಣ್ಣೆ ಕಡಿಮೆ ಮಾಡಿ ವಾರಕ್ಕೆರಡು ಸಲ ತೊಳೆದರೆ ನನಗೆ ಹತೋಟಿಗೆ ಬಂತು. ಬಾರದಿದ್ದರೆ ಡಾಕ್ಟರ ಹತ್ತಿರ ಹೋಗಿ. ಮಕ್ಕಳ ತಲೆಯಲ್ಲಿ ದುಂಡಗೆ ಕೂದಲು ಉದುರಿ ಪಕಳೆ ಎದ್ದರೆ ಅದು ಹುಳುಕಡ್ಡಿ ಇರಬಹುದು. ಅದಕ್ಕೆ ಹೊಟ್ಟೆಗೆ ತಗೊಳ್ಳೋ ಮಾತ್ರೆಯೇ ಬೇಕು. ಸೊಪ್ಪು ಹಚ್ಚುತ್ತ ತಿಂಗಳು ಕಳೆಯಬೇಡಿ. ಕೀವು, ಜ್ವರ ಇದ್ದರೂ ಅಷ್ಟೇ.

ಮರ ಉಳಿಸುವ ಬಗೆ

ಬಲಿತ ಕಾಯಿ ಒಣಗಿದಾಗ ಬೀಜ ಬಿಡಿಸಿಟ್ಟುಕೊಳ್ಳಿ. ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಇಳಿಸಿದ ನೀರನ್ನು ಸ್ವಲ್ಪ ಆರಿಸಿ, ಬೀಜದ ಮೇಲೆ ಸುರಿದು ರಾತ್ರಿಯಿಡೀ ನೆನೆಸಿ. ಮಳೆ ಹದ ನೋಡಿ ಬದುವಿನಲ್ಲಿ ಗುಳಿಗೆ ಮೂರು ಬೀಜ ಊರಿ. ಬೆಳವಣಿಗೆ ನಿಧಾನ. ಮೊದಲ ಎರಡು ವರ್ಷ ಆಡುಕುರಿಯಿಂದ ಕಾಪಾಡಲು ಜಾಲಿಮುಳ್ಳು ಮುಚ್ಚಬೇಕು, ಯಾಕೆಂದರೆ ಅವಕ್ಕೂ ಈ ಸೊಪ್ಪು ಇಷ್ಟ. ನಾನು 40 ಗುಳಿ ಊರಿದೆ, 14 ಉಳಿದವು. ನಾಲ್ಕನೇ ವರ್ಷದಿಂದ ಸ್ವಲ್ಪ ಸ್ವಲ್ಪ ಸೊಪ್ಪು ಸಿಕ್ಕಿತು.

ಕೊಯ್ಯುವಾಗ ಮರ ಬೋಳಿಸಬೇಡಿ. ಮೂರರಲ್ಲಿ ಒಂದು ಪಾಲು ಕೊಯ್ದರೆ ಸಾಕು. ಹೂವಿನ ಕಾಲದಲ್ಲಿ ಮುಟ್ಟಬೇಡಿ, ಜೇನಿಗೆ ಬಿಡಿ. ಕಡಿದರೂ ಬುಡದಲ್ಲಿ ಚಿಗುರುವ ಮರ ಇದು. ನಾನು ಕಡಿಸಿದ ಎಂಟರಲ್ಲಿ ಒಂದೂ ಚಿಗುರದಿದ್ದುದಕ್ಕೆ ಕಾರಣ, ಬುಡ ಸಮೇತ ಅಗೆಸಿದ್ದೆ. ದುಡ್ಡಿನ ಆಸೆ.

ಇದರಲ್ಲಿ ಭಾರಿ ಲಾಭ ಇದೆ ಅಂತ ಬರೆಯೋಕೆ ನನಗೆ ಇಷ್ಟ ಇಲ್ಲ. 2023ರಲ್ಲಿ 8 ಕಿಲೋ ಪುಡಿಯನ್ನು ಪೇಟೆಯ ಗ್ರಂಧಿಗೆ ಅಂಗಡಿಗೆ ಕಿಲೋಗೆ 120 ರೂಪಾಯಿಯಂತೆ ಕೊಟ್ಟೆ. ಕುಟ್ಟಿ ಜಾಲಿಸಿದ ಕೂಲಿ ಲೆಕ್ಕ ಹಾಕಿದರೆ ಅಷ್ಟಕ್ಕಷ್ಟೇ. ಮನೆ ಖರ್ಚಿಗೆ, ನೆಂಟರಿಗೆ ಇದ್ದರೆ ಅದೇ ಲಾಭ.

ಅವ್ವ ಈಗಿಲ್ಲ. ಮಗಳು ಮದುವೆಯಾಗಿ ತುಮಕೂರಲ್ಲಿದ್ದಾಳೆ. ಅವಳಿಗೂ ಒಂದು ಹೆಣ್ಣುಮಗು. ಊರಿಗೆ ಬಂದಾಗ ಹೋಗುವ ಮುಂಚೆ ಒಂದು ಡಬ್ಬ ಪುಡಿ ತುಂಬಿಸಿಕೊಂಡು ಹೋಗ್ತಾಳೆ. ಹೋದ ಸಲ ಡಬ್ಬದ ಮೇಲೆ ಚೀಟಿ ಅಂಟಿಸುತ್ತಿದ್ದಳು. "ಏನಮ್ಮ ಬರೀತಿದೀಯ?" ಅಂದೆ. "ಏನಿಲ್ಲಪ್ಪಾ, 'ತಲೆಗೆ ಮಾತ್ರ' ಅಂತ" ಅಂದಳು. ಅವತ್ತೇ ಹಿತ್ತಲ ಕೋಣೆಗೆ ಹೋಗಿ, ಹೊಲದ ಡಬ್ಬಗಳಿಗೆಲ್ಲ 'ವಿಷ' ಅಂತ ಚೀಟಿ ಅಂಟಿಸಿ, ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆ. ಬಾಯಲ್ಲಿ ಅಂದುಕೊಂಡು ಬಂದದ್ದನ್ನು ಬರೆದು ಅಂಟಿಸೋಕೆ ನನಗೆ ಅಷ್ಟು ವರ್ಷ ಬೇಕಾಯ್ತು. ನೀವು ಇವತ್ತೇ ಮಾಡಿ.

ಅಕಸ್ಮಾತ್ ಯಾರ ಮೈಗಾದರೂ ಕೀಟನಾಶಕ ಬಿದ್ದರೆ: ಬಟ್ಟೆ ಕೂಡಲೇ ತೆಗೆಯಿರಿ, ಸೋಪು ಹಚ್ಚಿ ಧಾರಾಳ ನೀರಲ್ಲಿ ತೊಳೆಯಿರಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಆ ಡಬ್ಬವನ್ನೂ ಜತೆಗೆ ಒಯ್ಯಿರಿ. ಯಾವ ವಿಷ ಅಂತ ಗೊತ್ತಾದರೆ ಡಾಕ್ಟರಿಗೆ ದಾರಿ ಸಿಗುತ್ತೆ.

ನಿಮ್ಮ ಕಡೆ ತಲೆ ತೊಳೆಯಲು ಯಾವ ಸೊಪ್ಪು, ಯಾವ ಕಾಯಿ ಬಳಸ್ತಾರೆ? ಬದುವಿನಲ್ಲಿ ಚುಜ್ಜಲು ಉಳಿದಿದೆಯಾ? ಪತ್ರಿಕೆಗೆ ಬರೆಯಿರಿ, ಓದೋಕೆ ಕಾದಿರ್ತೀನಿ.